ಯುದ್ಧ ವಿರೋಧ ಮುಂದೋ, ಮನೆಖರ್ಚು ಮುಂದೋ: ಪ್ರಚಾರದ ಮಾತು ಹೊಂದಿಸುವ ಬಗೆ

ಅಮೆರಿಕದ ಚುನಾವಣೆಗಳಲ್ಲಿ ಅಭ್ಯರ್ಥಿಯ ಮಾತು ಹೊಂದಿಸಲು ಕೂತಾಗ ನಾನು ಮೊದಲು ತೆಗೆಸುವುದು ಎದುರಾಳಿಯ ಮತದಾನದ ದಾಖಲೆ. ಇಬ್ಬರೂ ಯುದ್ಧ ಬೇಡವೆನ್ನುವವರಾದರೆ ಎಷ್ಟು ಗಂಟಲು ಹರಿದುಕೊಂಡರೂ ಮತ ಕದಲುವುದಿಲ್ಲ. 2008ರ ಪ್ರೈಮರಿಯಲ್ಲಿ (ಪಕ್ಷದೊಳಗೆ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಒಬಾಮಾಗೆ ಇರಾಕ್ ಯುದ್ಧದ ವಿಷಯ ಕೈಹಿಡಿಯಲು ದಾಖಲೆಯೇ ಕಾರಣ: 2002ರ ಅಕ್ಟೋಬರ್‌ನಲ್ಲಿ ಅವರು ಷಿಕಾಗೋದಲ್ಲಿ ಯುದ್ಧದ ವಿರುದ್ಧ ಮಾತಾಡಿದ್ದರು, ಅದೇ ತಿಂಗಳು ಹಿಲರಿ ಕ್ಲಿಂಟನ್ ಸೆನೆಟ್‌ನಲ್ಲಿ ಅಧ್ಯಕ್ಷರಿಗೆ ಯುದ್ಧಾಧಿಕಾರ ಕೊಡುವುದರ ಪರ ಮತ ಹಾಕಿದ್ದರು. ಆದರೆ ನವೆಂಬರ್‌ನ ಅಂತಿಮ ಚುನಾವಣೆ ಹೊತ್ತಿಗೆ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಕುಸಿದಾಗಿತ್ತು. ಮತಗಟ್ಟೆ ಸಮೀಕ್ಷೆಯಲ್ಲಿ ಶೇ. 63 ಮಂದಿಗೆ ಆರ್ಥಿಕತೆ ಮುಖ್ಯ, ಇರಾಕ್ ಮುಖ್ಯ ಎಂದವರು ಶೇ. 10.

ಸಮೀಕ್ಷೆಯಲ್ಲಿ ವಿಷಯಗಳ ಪಟ್ಟಿ ಓದುವ ಮೊದಲೇ 'ನಿಮಗೆ ಯಾವ ಚಿಂತೆ ಹೆಚ್ಚು?' ಎಂದು ಬರಿದೇ ಕೇಳಿಸುತ್ತೇನೆ. ಪಟ್ಟಿ ಮೊದಲು ಬಂದರೆ ಯುದ್ಧ ಎಲ್ಲರ ಬಾಯಲ್ಲೂ ಬರುತ್ತದೆ. 600 ಜನರನ್ನು ಅದೃಷ್ಟಚೀಟಿಯಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಯುದ್ಧದ ಮಾತು, ಇನ್ನೊಂದಕ್ಕೆ ಔಷಧಿ ಖರ್ಚಿನ ಮಾತು ಓದಿಸಿ, ಆಮೇಲೆ ಯಾರಿಗೆ ಮತ ಎಂದು ಕೇಳುವುದು. 300-300ರಲ್ಲಿ ಶೇ. 8ಕ್ಕಿಂತ ಕಡಿಮೆ ಅಂತರ ಬಂದರೆ ಅದನ್ನು ನಂಬಬಾರದು. ಅಭ್ಯರ್ಥಿಗಳು ಶೇ. 3ರ ಅಂತರಕ್ಕೇ ಕುಣಿಯುತ್ತಾರೆ, ಏನು ಹೇಳೋಣ!

'ಯುದ್ಧ ನಡೆಸುತ್ತಿರುವ ರೀತಿ ಸರಿಯಿಲ್ಲ' ಎಂದವರೆಲ್ಲ ಶಾಂತಿವಾದಿಗಳೆಂದು ಎಣಿಸುವುದು ಹಳೆಯ ತಪ್ಪು. 1968ರಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ, ಯುದ್ಧ ವಿರೋಧಿಸಿ ಅಧ್ಯಕ್ಷ ಜಾನ್ಸನ್ ಎದುರು ನಿಂತ ಸೆನೆಟರ್ ಯೂಜೀನ್ ಮೆಕಾರ್ಥಿಗೆ ಶೇ. 42 ಮತ ಬಂತು, ಅವರಿಗೆ ಮತ ಹಾಕಿದವರಲ್ಲಿ ವಿಯೆಟ್ನಾಂನಲ್ಲಿ ಇನ್ನೂ ಬಿರುಸಾಗಿ ಹೊಡೆಯಬೇಕಿತ್ತು ಎಂದು ಜಾನ್ಸನ್ ಮೇಲೆ ಮುನಿದವರೂ ಸಾಕಷ್ಟಿದ್ದರು. ಆದ್ದರಿಂದ 'ಸೈನ್ಯ ಹಿಂದೆ ಬರಬೇಕೋ, ಹೆಚ್ಚಬೇಕೋ?' ಎಂಬ ಎರಡನೆಯ ಪ್ರಶ್ನೆ ಬಿಡುವಂತಿಲ್ಲ.

ಪ್ರೈಮರಿಯಲ್ಲಿ ಗೆಲ್ಲಿಸಿದ ಮಾತು ನವೆಂಬರ್‌ನಲ್ಲಿ ಸಾಕಾಗದೆ ಹೋಗಬಹುದು. ಕನೆಕ್ಟಿಕಟ್‌ನಲ್ಲಿ 2006ರ ಆಗಸ್ಟ್‌ನಲ್ಲಿ ಯುದ್ಧ ವಿರೋಧದ ಬಲದಿಂದ, ಇರಾಕ್ ಯುದ್ಧದ ಪರವಿದ್ದ ಸೆನೆಟರ್ ಲೀಬರ್‌ಮನ್ನರನ್ನು ಪ್ರೈಮರಿಯಲ್ಲಿ ಸೋಲಿಸಿದ ನೆಡ್ ಲಮಾಂಟ್, ಮೂರು ತಿಂಗಳಲ್ಲಿ ಪಕ್ಷೇತರರಾಗಿ ನಿಂತ ಅದೇ ಲೀಬರ್‌ಮನ್ನರೆದುರು ಸೋತರು.

ಕಾಂಗ್ರೆಸ್‌ಗೆ (ಅಮೆರಿಕದ ಸಂಸತ್ತು) ನಿಂತ ಅಭ್ಯರ್ಥಿಗೆ ಯುದ್ಧ, ಮನೆಖರ್ಚು ಎರಡನ್ನೂ ಬೆಸೆಯುವ ದಾರಿಯಿದೆ, ಏಕೆಂದರೆ ಹಣದ ಚೀಲದ ಬಾಯಿ ಕಾಂಗ್ರೆಸ್ ಕೈಯಲ್ಲಿದೆ. ಮೂರು ನಿಮಿಷದ ಭಾಷಣದಲ್ಲಿ ಎರಡು ನಿಮಿಷ ಮನೆಖರ್ಚು; ಉಳಿದದ್ದರಲ್ಲಿ ಯುದ್ಧದ ಹಣಕ್ಕೆ ಎದುರಾಳಿ ಹಾಕಿದ ಒಂದು ಮತ, ಅದರ ದಿನಾಂಕ, ತಾನಾಗಿದ್ದರೆ ಹೇಗೆ ಹಾಕುತ್ತಿದ್ದೆ ಎಂಬ ಮಾತು. 'ಹಿಂದೆ ಕರೆಸುವುದು ಯಾವಾಗ, ಆಮೇಲೇನು?' ಎಂಬುದಕ್ಕೆ ಉತ್ತರ ಬರೆದಿಟ್ಟುಕೊಳ್ಳದೆ ಯುದ್ಧದ ಸುದ್ದಿ ಎತ್ತಿದರೆ ಮೊದಲ ಚರ್ಚೆಯಲ್ಲೇ ತಡವರಿಸಬೇಕಾಗುತ್ತದೆ. ಮೇಯರ್ ಹುದ್ದೆಗೆ ನಿಂತವರಿಗೆ ಈ ಯಾವ ತಲೆನೋವೂ ಇಲ್ಲ: ಕೇಳಿದರೆ ಒಂದು ವಾಕ್ಯದ ಉತ್ತರ, ಮತ್ತೆ ಬಸ್ಸು, ನೀರಿನ ಕೊಳವೆ.