ವಾಚ್‌ನಿಂದ ಮ್ಯಾಕ್ ತೆರೆಯದಿದ್ದಾಗ ನಾನು ಮಾಡಿದ್ದು

ತುಳಸಿ ಲಗ್ನ ಮುಗಿಯಿತು ಅಂದರೆ ನಮಗೆ ಪುರುಸೊತ್ತು ಇರುವುದಿಲ್ಲ. ಬೆಳಗಾವಿಯ ಶಹಾಪುರದಲ್ಲಿ ನಂದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆಯೇ ಮುಖ್ಯ ಕೆಲಸ. ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ, ಎಷ್ಟೋ ಸಲ ಒಂದೇ ಕಾರ್ಡಿನಲ್ಲಿ ಎರಡೂ. ಅಕ್ಷರ ಜೋಡಿಸೋಕೆ ಒಂದು ಮ್ಯಾಕ್ ಮಿನಿ, ಅಂದರೆ ಆಪಲ್ ಕಂಪನಿಯ ಸಣ್ಣ ಕಂಪ್ಯೂಟರ್ ಇದೆ. ಅದಕ್ಕೆ ಹಾಕಿರುವುದು ಮಾಮೂಲಿ ಕೀಬೋರ್ಡ್, ಬೆರಳಚ್ಚು ಓದುವ ಗುಂಡಿ ಅದರಲ್ಲಿಲ್ಲ. ಇದ್ದರೂ ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಹಿಡಿದ ಬೆರಳಿಗೆ ಬಂಗಾರದ ಇಂಕ್ ಮೆತ್ತಿರುತ್ತದೆ. ಥಿನ್ನರ್ ಹಾಕಿ ಒರೆಸಿದರೂ ಗೆರೆಗಳ ಒಳಗೆ ಹಾಗೇ ಉಳಿಯುತ್ತದೆ.

ಮ್ಯಾಕ್‌ಗೆ ಬೀಗ ಹಾಕದೆ ಬಿಡುವ ಹಾಗೂ ಇಲ್ಲ. ಅದರಲ್ಲಿ ಗಿರಾಕಿಗಳ ಮನೆ ವಿಳಾಸ, ಫೋನ್ ನಂಬರು, ಲಗ್ನದ ಮುಹೂರ್ತ ಎಲ್ಲ ಇರುತ್ತದೆ. ಅಂಗಡಿಗೆ ದಿನವಿಡೀ ಜನ ಬಂದು ಹೋಗುತ್ತಾರೆ. ಅದಕ್ಕೇ 2 ನಿಮಿಷ ಮುಟ್ಟದಿದ್ದರೆ ಲಾಕ್ ಆಗುವ ಹಾಗೆ ಇಟ್ಟಿದ್ದೇನೆ. ಆದರೆ ಪ್ರತಿ ಸಲ ಪಾಸ್‌ವರ್ಡ್ ಹೊಡೆಯಲು ಕೈ ತೊಳೆಯಬೇಕು. ಆಪಲ್ ವಾಚ್ ನನಗೆ ಉಪಕಾರ ಮಾಡಿದ್ದು ಇಲ್ಲೇ. ಮೊಣಕೈಯಿಂದ ಒಂದು ಕೀ ಒತ್ತಿದರೆ ಸಾಕು, ಮಣಿಕಟ್ಟಿನ ಮೇಲೆ ಮೆಲ್ಲಗೆ ತಟ್ಟಿದ ಹಾಗಾಗುತ್ತದೆ, ಮ್ಯಾಕ್ ತೆರೆದುಕೊಳ್ಳುತ್ತದೆ. ಈ ಸೌಲಭ್ಯ 2016ರಿಂದಲೇ ಇದೆ.

ಕಳೆದ ಸೀಸನ್‌ನಲ್ಲಿ ಅದು ಕೈಕೊಟ್ಟಿತು. ಒಂದು ದಿನ ತೆರೆಯುತ್ತಿತ್ತು, ಮರುದಿನ ಇಲ್ಲ. ಶುರುವಿಗೆ ನಾನೂ ಸುಮ್ನೆ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಬಿಲ್ ಪುಸ್ತಕದ ಹಿಂದೆ ಬರೆದಿಡಲು ಶುರು ಮಾಡಿದೆ. ಎಷ್ಟು ಹೊತ್ತಿಗೆ ತೆರೆಯಲಿಲ್ಲ, ಆಗ ಅಂಗಡಿಯಲ್ಲಿ ಏನು ನಡೆದಿತ್ತು ಅಂತ. ನಾಲ್ಕೇ ದಿನಕ್ಕೆ ಗೊತ್ತಾಯಿತು, ಇದು ಒಂದು ತೊಂದರೆ ಅಲ್ಲ, ಬೇರೆ ಬೇರೆ ಕಾರಣಗಳು ಸೇರಿಕೊಂಡಿವೆ.

ಒಂದಷ್ಟು ಸಲ ಆಗಿದ್ದು ಕರೆಂಟ್ ಹೋಗಿ ಬಂದ ಮೇಲೆ. ಅದು ತೊಂದರೆಯೇ ಅಲ್ಲ. ಮ್ಯಾಕ್ ಹೊಸದಾಗಿ ಆನ್ ಆದಾಗ, ರೀಸ್ಟಾರ್ಟ್ ಅಥವಾ ಲಾಗ್ ಔಟ್ ಮಾಡಿದಾಗ, ಮೊದಲ ಸಲ ಪಾಸ್‌ವರ್ಡ್ ಕೈಯಿಂದಲೇ ಹೊಡೆಯಬೇಕು. ವಾಚ್ ಕೆಲಸ ಮಾಡುವುದು ಅದಾದ ಮೇಲೆ. ಒಂದು ಯುಪಿಎಸ್ ತಂದಿಟ್ಟೆ, ಅಲ್ಲಿಗೆ ಅದು ಮುಗಿಯಿತು.

ಬೆಳಗಿನ ಹೊತ್ತಿನ ಕಾರಣ ಬೇರೆ ಇತ್ತು. ನಮ್ಮೂರಿನ ಚಳಿಗಾಲ ನಿಮಗೆ ಗೊತ್ತಲ್ವಾ? ಹತ್ತು ಗಂಟೆವರೆಗೂ ಸ್ವೆಟರ್ ಬಿಚ್ಚಲು ಮನಸ್ಸಾಗುವುದಿಲ್ಲ. ಇಂಕ್ ತಾಗಬಾರದು ಅಂತ ವಾಚನ್ನು ಮೇಲಕ್ಕೆ ಸರಿಸಿ, ಸ್ವೆಟರಿನ ತೋಳಿನ ಮೇಲೆ ಕಟ್ಟಿಕೊಳ್ಳುತ್ತಿದ್ದೆ. ವಾಚಿನ ಹಿಂಬದಿಯ ಸೆನ್ಸರ್‌ಗೆ ಚರ್ಮ ಕಾಣಬೇಕು. ಕಾಣದಿದ್ದರೆ ಯಾರೋ ಬಿಚ್ಚಿಟ್ಟಿದ್ದಾರೆ ಅಂತ ತಿಳಿದು ಅದು ತಾನೇ ಲಾಕ್ ಆಗುತ್ತದೆ. ಲಾಕ್ ಆದ ವಾಚ್ ಮ್ಯಾಕ್ ತೆರೆಯುವುದಿಲ್ಲ. ತೆರೆಯಲೂ ಬಾರದು, ಇಲ್ಲಾಂದ್ರೆ ಮೇಜಿನ ಮೇಲಿಟ್ಟ ವಾಚನ್ನು ಯಾರು ಎತ್ತಿಕೊಂಡರೂ ಆಯಿತಲ್ಲ. ಪರದೆಯ ಮೇಲೆ ಚಿಕ್ಕ ಬೀಗದ ಗುರುತು ಇದೆಯಾ ನೋಡಿ. ಇದ್ದರೆ ವಾಚಿನ ಪಾಸ್‌ಕೋಡ್ ಹಾಕಿ, ಪಟ್ಟಿ ಸ್ವಲ್ಪ ಬಿಗಿ ಮಾಡಿ. ಮಣಿಕಟ್ಟು ಗುರುತಿಸುವ ರಿಸ್ಟ್ ಡಿಟೆಕ್ಷನ್ ಅನ್ನುವ ಸೆಟ್ಟಿಂಗ್ ಆನ್ ಇರಲೇಬೇಕು.

ಇಷ್ಟಾದರೂ ಮಧ್ಯಾಹ್ನದ ಮೇಲೆ ತೆರೆಯುತ್ತಿರಲಿಲ್ಲ. ಇದು ನನಗೆ ಎರಡು ದಿನ ತಿಂದಿತು.

ಬ್ರಾಡ್‌ಬ್ಯಾಂಡ್ ತಂತಿ ನೇರ ಮ್ಯಾಕ್ ಮಿನಿಗೇ ಬರುತ್ತದೆ. ಡಿಸೈನ್ ಮಾಡುವ ಹುಡುಗ ಮಧ್ಯಾಹ್ನ ಕಾಲೇಜು ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಬರುತ್ತಾನೆ. ಅವನಿಗೆ ನೆಟ್ ಬೇಕಲ್ಲ ಅಂತ ನಾನೇ ಮ್ಯಾಕ್‌ನಲ್ಲಿ ಇಂಟರ್ನೆಟ್ ಶೇರಿಂಗ್ ಆನ್ ಮಾಡುತ್ತಿದ್ದೆ. ಅಂದರೆ ತಂತಿಯಲ್ಲಿ ಬಂದ ನೆಟ್ಟನ್ನು ಮ್ಯಾಕ್ ತನ್ನ ವೈಫೈ ಮೂಲಕ ಹಂಚುತ್ತಿತ್ತು. ಹೀಗೆ ಹಂಚುತ್ತಿರುವಾಗ ವಾಚ್‌ನಿಂದ ಅನ್‌ಲಾಕ್ ಆಗುವುದಿಲ್ಲ.

ಯಾಕೆ ಅಂತ ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ವಾಚ್ ಮತ್ತು ಮ್ಯಾಕ್ ಮೊದಲು ಬ್ಲೂಟೂತ್‌ನಲ್ಲಿ ಒಂದನ್ನೊಂದು ಗುರುತಿಸುತ್ತವೆ. ಆದರೆ ಅಷ್ಟಕ್ಕೇ ಬೀಗ ತೆಗೆಯುವುದಿಲ್ಲ. ವಾಚ್ ನಿಜವಾಗಿ ಪಕ್ಕದಲ್ಲೇ ಇದೆಯಾ ಅಂತ ಅಳೆಯಲು ಎರಡೂ ನೇರ ವೈಫೈನಲ್ಲಿ ಮಾತಾಡುತ್ತವೆ. ಅಲೆ ಹೋಗಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತವೆ. ಒಂದು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ 100 ಕೋಟಿ ಪಾಲಿನಲ್ಲಿ ಒಂದು ಪಾಲು. ಅಷ್ಟರಲ್ಲಿ ರೇಡಿಯೋ ಅಲೆ ಹೋಗುವುದು ಸುಮಾರು 30 ಸೆಂಟಿಮೀಟರ್, ನನ್ನ ಮೇಜಿನ ಮೇಲಿರುವ ಸ್ಟೀಲ್ ಪಟ್ಟಿಯಷ್ಟು ಉದ್ದ. ಯಾರಾದರೂ ಸಿಗ್ನಲ್ ಹಿಡಿದು ದೂರದಿಂದ ದಾಟಿಸಿದರೆ ಆ ಸಮಯ ಹೆಚ್ಚಾಗುತ್ತದೆ, ಮೋಸ ನಡೆಯುವುದಿಲ್ಲ. ಆದ್ದರಿಂದ ಮ್ಯಾಕ್‌ಗೆ ನೆಟ್ ತಂತಿಯಲ್ಲಿ ಬರುತ್ತಿದ್ದರೂ ವೈಫೈ, ಬ್ಲೂಟೂತ್ ಎರಡೂ ಆನ್ ಇರಬೇಕು.

ಶೇರಿಂಗ್ ಆಫ್ ಮಾಡಿ, ಮನೆಯಲ್ಲಿ ಬಿದ್ದಿದ್ದ ಒಂದು ಹಳೇ ರೂಟರ್ ತಂದು ಹಾಕಿದೆ. ಅಲ್ಲಿಗೆ ಸರಿಹೋಗಬೇಕಿತ್ತು. ಆದರೆ ಅಷ್ಟರಲ್ಲಿ ನಾನು ಅನ್‌ಲಾಕ್ ಸೆಟ್ಟಿಂಗನ್ನು ಹತ್ತಾರು ಸಲ ಆಫ್ ಮಾಡಿ ಆನ್ ಮಾಡಿದ್ದೆ. ಈಗ ಅದು ಆನ್ ಆಗಲೇ ಒಪ್ಪಲಿಲ್ಲ. ಒಂದು ನಿಮಿಷ ತಿರುಗಿ, ವಾಚ್ ಜೊತೆ ಸಂಪರ್ಕ ಆಗಲಿಲ್ಲ ಅನ್ನುವ ಸಂದೇಶ ಬರುತ್ತಿತ್ತು. ಹಳೇ ಜೋಡಣೆಯ ದಾಖಲೆಗಳು ಉಳಿದುಕೊಂಡಿದ್ದವು, ಅವನ್ನು ಅಳಿಸಬೇಕಾಯಿತು.

ಮೊದಲು ಟೈಮ್ ಮಷೀನ್‌ನಲ್ಲಿ ಬ್ಯಾಕಪ್ ತೆಗೆದೆ. ಇದನ್ನು ದಯವಿಟ್ಟು ಬಿಡಬೇಡಿ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಟಚ್ ಐಡಿ ಆ್ಯಂಡ್ ಪಾಸ್‌ವರ್ಡ್ ಪುಟಕ್ಕೆ ಹೋಗಿ (ಕೆಲವು ಮ್ಯಾಕ್‌ಗಳಲ್ಲಿ ಅದರ ಹೆಸರು ಲಾಗಿನ್ ಪಾಸ್‌ವರ್ಡ್) ವಾಚ್ ಅನ್‌ಲಾಕ್ ಆಫ್ ಮಾಡಿದೆ. ಮ್ಯಾಕ್‌ನ ಹುಡುಕಾಟ ಸ್ಪಾಟ್‌ಲೈಟ್‌ನಲ್ಲಿ ಹುಡುಕಿ, ಪಾಸ್‌ವರ್ಡ್‌ಗಳನ್ನು ಕೂಡಿಡುವ ಕೀಚೈನ್ ಆ್ಯಕ್ಸೆಸ್ ತೆರೆದೆ. ವ್ಯೂ ಮೆನುವಿನಲ್ಲಿ ಶೋ ಇನ್‌ವಿಸಿಬಲ್ ಐಟಮ್ಸ್ ಒತ್ತಿದೆ. ಇದನ್ನು ಒತ್ತದಿದ್ದರೆ ಬೇಕಾದ ಸಾಲುಗಳು ಕಣ್ಣಿಗೇ ಬೀಳುವುದಿಲ್ಲ. ಆಟೋ ಅನ್‌ಲಾಕ್ ಅಂತ ನಡುವೆ ಜಾಗ ಬಿಟ್ಟು ಹುಡುಕಿ, ಆ ಹೆಸರಿನ ಸಾಲುಗಳನ್ನು ಅಳಿಸಿದೆ. ಮತ್ತೆ ಜಾಗ ಬಿಡದೆ ಒಂದೇ ಪದವಾಗಿ ಹುಡುಕಿದಾಗ ಟಿಎಲ್‌ಕೆ, ಕ್ಲಾಸ್ ಎ, ಕ್ಲಾಸ್ ಸಿ ಅಂತ ಶುರುವಾಗುವ ಸಾಲುಗಳು ಬಂದವು. ಅವೂ ಹೋದವು. ಬೇರೆ ಯಾವ ಸಾಲನ್ನೂ ಮುಟ್ಟಲಿಲ್ಲ, ನಿಮ್ಮ ಉಳಿದ ಪಾಸ್‌ವರ್ಡ್‌ಗಳು ಇರುವುದೂ ಅಲ್ಲೇ.

ಆಮೇಲೆ ಫೈಲ್‌ಗಳನ್ನು ನೋಡುವ ಫೈಂಡರ್. ಆಪ್ಷನ್ ಕೀ ಹಿಡಿದು ಗೋ ಮೆನು ತೆರೆದರೆ ಲೈಬ್ರರಿ ಕಾಣುತ್ತದೆ. ಅದರೊಳಗೆ ಶೇರಿಂಗ್, ಅದರೊಳಗೆ ಆಟೋಅನ್‌ಲಾಕ್ ಫೋಲ್ಡರ್. ಅಲ್ಲಿದ್ದ 2 ಫೈಲ್ ಅಳಿಸಿ ರೀಸ್ಟಾರ್ಟ್ ಮಾಡಿದೆ. ಪಾಸ್‌ವರ್ಡ್ ಹೊಡೆದು ಒಳಗೆ ಹೋಗಿ ವಾಚ್ ಅನ್‌ಲಾಕ್ ಆನ್ ಮಾಡಿದೆ. ಮೊದಲ ಸಲ ಮತ್ತೆ ಅದೇ ಸಂದೇಶ! ಎದೆ ಧಸಕ್ಕೆಂದಿತು. ಇನ್ನೊಂದು ಸಲ ಒತ್ತಿದೆ, ಆನ್ ಆಯಿತು.

ಹೊಸದಾಗಿ ಮಾಡುವವರಿಗೆ ಇನ್ನೊಂದು ಮಾತು. ವಾಚ್‌ಗೂ ಮ್ಯಾಕ್‌ಗೂ ಒಂದೇ ಆಪಲ್ ಖಾತೆ ಇರಬೇಕು, ಆ ಖಾತೆಗೆ ಎರಡು ಹಂತದ ದೃಢೀಕರಣ ಇರಬೇಕು, ವಾಚ್‌ಗೆ ಪಾಸ್‌ಕೋಡ್ ಇರಬೇಕು. ಅಂಗಡಿಗೊಂದು, ಮನೆಗೊಂದು ಖಾತೆ ಮಾಡಿಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಅವತ್ತು ಸಂಜೆ ಒಬ್ಬ ಅಜ್ಜಿ ಮೊಮ್ಮಗಳ ಪತ್ರಿಕೆಯ ಪ್ರೂಫ್ ನೋಡಲು ಬಂದಿದ್ದರು. ಬೀಗರ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ನನ್ನ ಎರಡೂ ಕೈಗೆ ಕೆಂಪು ಇಂಕ್. ಮೊಣಕೈಯಿಂದ ಕೀ ಒತ್ತಿದೆ. ಮಣಿಕಟ್ಟಿನ ಮೇಲೆ ತಟ್ಟಿತು, ಪರದೆ ತೆರೆಯಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ಆ ಅಕ್ಷರದ ಕಡೆ ಬೆರಳು ತೋರಿಸಿದರು.