ತಾಂಡಾಕ್ಕೆ ಪಂಚಮಿಗೇ ಹೋಗಬೇಕು

ನಾನು ಮುಖ್ಯ ಶಿಕ್ಷಕನಾದ ಮೊದಲ ವರ್ಷ. ದೀಪಾವಳಿ ಮುಗಿದು ಶಾಲೆ ತೆರೆದ ದಿನ ಹತ್ತನೇ ತರಗತಿಯ ಹಾಜರಿ ಕರೆಯುತ್ತಿದ್ದೆ. 41 ಹೆಸರು ಕರೆದರೆ 23 ಮಕ್ಕಳು ಮಾತ್ರ ‘ಹಾಜರ್ ಸರ್’ ಎಂದರು. ಬಾರದ 18 ಮಕ್ಕಳಲ್ಲಿ 14 ಮಂದಿ ಶಾಲೆಯಿಂದ ಮೂರು ಕಿಲೋಮೀಟರ್ ದೂರದ ಲಂಬಾಣಿ ತಾಂಡಾದವರು. ಸಂಜೆ ಬೈಕ್ ಹತ್ತಿ ಅಲ್ಲಿಗೆ ಹೋದೆ. ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಬೀಗವಿಲ್ಲದ ಬಾಗಿಲುಗಳಿಗೆ ಜಾಲಿಯ ಮುಳ್ಳುಕಂಟಿ ಅಡ್ಡ ಇಟ್ಟಿದ್ದರು. ಸೇವಾಲಾಲರ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು, “ಟ್ರ್ಯಾಕ್ಟರ್‌ಗಳು ನಿನ್ನೆ ರಾತ್ರಿಯೇ ಹೋದವು ಗುರುಗಳೇ, ಇನ್ನು ಯುಗಾದಿಗೇ ಬರುವುದು” ಎಂದರು.

ವಿಜಯಪುರ ಜಿಲ್ಲೆಯಲ್ಲಿ ಮಾಸ್ತರಿಕೆ ಮಾಡಿದವರಿಗೆ ಗುಳೆ ಹೊಸದಲ್ಲ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕೊಲ್ಹಾಪುರ, ಸಾಂಗ್ಲಿ ಕಡೆಗೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಹೊರಡುತ್ತವೆ. ಅದು ನನಗೂ ಗೊತ್ತಿತ್ತು. ಆದರೆ ತರಗತಿಗೆ ಪಾಠ ಹೇಳುವ ಶಿಕ್ಷಕನಾಗಿದ್ದಾಗ ಬಂದ ಮಕ್ಕಳನ್ನಷ್ಟೇ ನೋಡುತ್ತಿದ್ದೆ. ಹಾಜರಿ ಪುಸ್ತಕದ ಹೊಣೆ ಹೆಗಲೇರಿದ ಮೇಲೆ ಬಾರದ ಮಕ್ಕಳು ಕಣ್ಣಿಗೆ ಬೀಳತೊಡಗಿದರು.

ನಮ್ಮ ಮನೆಯ ಮೂರು ತಲೆಮಾರಿನ ಓದಿನ ಕಥೆಯನ್ನೂ ಇಲ್ಲಿ ಹೇಳಬೇಕು. ಅಜ್ಜ ಮುಲ್ಕಿ ಪರೀಕ್ಷೆ ಪಾಸಾದವರು. ಆಗ ನಮ್ಮ ಭಾಗ ಮುಂಬೈ ಪ್ರಾಂತಕ್ಕೆ ಸೇರಿತ್ತು. ಏಳನೇ ಇಯತ್ತೆಯ ಆ ಒಂದು ಪರೀಕ್ಷೆ ದಾಟಿದರೆ ಕನ್ನಡ ಶಾಲೆಗೆ ಮಾಸ್ತರನಾಗಬಹುದಿತ್ತು. ಅಜ್ಜ ಹಾಗೆಯೇ ಆದರು. ಅವರ ಪ್ರಮಾಣಪತ್ರ ಇಂದಿಗೂ ನಮ್ಮ ಮನೆಯ ಟ್ರಂಕಿನಲ್ಲಿದೆ. “ನಮ್ಮ ಕಾಲದ ಮುಲ್ಕಿ ನಿಮ್ಮ ಮ್ಯಾಟ್ರಿಕ್‌ಗೆ ಸಮ” ಎಂದು ಅವರು ಹೇಳದ ದಿನವಿರಲಿಲ್ಲ. ಅವರ ಮಗ, ಅಂದರೆ ನನ್ನ ಅಪ್ಪ, ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷ್ ಮತ್ತು ಗಣಿತ ಎರಡರಲ್ಲೂ ನಪಾಸಾದರು. ಅಕ್ಟೋಬರ್ ಪರೀಕ್ಷೆಗೆ ಎರಡು ಸಲ ಕಟ್ಟಿದರು, ಆಗಲಿಲ್ಲ. ಮಾಸ್ತರನ ಮಗ ನಪಾಸಾದನೆಂದು ಊರೆಲ್ಲ ಆಡಿಕೊಂಡರು. ಅಪ್ಪ ದಡ್ಡರೆಂದೇ ಅಜ್ಜ ಕೊನೆಯವರೆಗೂ ನಂಬಿದ್ದರು.

ಅಪ್ಪ ದಡ್ಡರಾಗಿರಲಿಲ್ಲ. ಹಿಂಗಾರಿ ಜೋಳ ತೆನೆಗಟ್ಟುವ ಹೊತ್ತಿಗೆ ಅವರನ್ನು ಶಾಲೆ ಬಿಡಿಸಿ ಹಕ್ಕಿ ಕಾಯಲು ಕಳಿಸುತ್ತಿದ್ದರು. ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ಕುಳಿತರೆ ರಾಶಿ ಮುಗಿಯುವವರೆಗೂ ಶಾಲೆಯಿಲ್ಲ. ಅದೇ ಹೊತ್ತಿನಲ್ಲಿ ತರಗತಿಯಲ್ಲಿ ಬೀಜಗಣಿತ ನಡೆಯುತ್ತಿತ್ತು. ಇದನ್ನು ಅಪ್ಪ ನನಗೆ ಹೇಳಿದ್ದು ನಾನು ನೌಕರಿಗೆ ಸೇರಿದ ಮೇಲೆ, ಅದೂ ಒಂದೇ ಒಂದು ಸಲ. ನನ್ನ ಶಾಲೆಯ 14 ಮಕ್ಕಳ ಹೆಸರಿನ ಮುಂದೆ ಸಾಲಾಗಿ ‘ಗೈ’ (ಗೈರುಹಾಜರಿ) ಎಂದು ಬರೆದ ದಿನ ಆ ಮಾತು ನೆನಪಾಯಿತು.

ಮೊದಲ ಕೆಲವು ವರ್ಷ ನಾನು ಮಾಡಿದ್ದು ತಪ್ಪು. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಗುಳೆ ಹೋಗಿ ಬಂದ ಮಗುವಿಗೆ ಅದು ಎಲ್ಲಿಂದ ಬರಬೇಕು? ಪರೀಕ್ಷೆಯೂ ತಪ್ಪಿದರೆ ಆ ಮಗು ಇನ್ನೆಂದೂ ಶಾಲೆಯ ಕಡೆ ತಲೆ ಹಾಕುವುದಿಲ್ಲವೆಂದು ಮರುಗಿ, ಬಾರದ ದಿನಗಳಿಗೂ ಹಾಜರಿ ಹಾಕಿದೆ. ಕಾಗದದ ಮೇಲೆ ಎಲ್ಲರೂ ಶಾಲೆಯಲ್ಲಿದ್ದರು. ಆ ಹಾಜರಿ ಯಾವ ಮಗುವಿಗೂ ಒಂದು ಅಕ್ಷರ ಕಲಿಸಲಿಲ್ಲ. ಗುಳೆಯ ಮಕ್ಕಳಿಗೆ ಋತುಮಾನದ ವಸತಿ ನಿಲಯ ಬೇಕೆಂದು ಅರ್ಜಿ ಬರೆಯಲು ಕುಳಿತಾಗ ಅದರ ಪೂರ್ತಿ ಕೇಡು ತಿಳಿಯಿತು. ನನ್ನ ಪುಸ್ತಕದ ಪ್ರಕಾರ ನಮ್ಮ ಶಾಲೆಯಲ್ಲಿ ಗುಳೆ ಹೋದ ಮಗುವೇ ಇರಲಿಲ್ಲ! ಯಾವ ಮುಖ ಹೊತ್ತು ಕೇಳಲಿ? ಆ ವರ್ಷದಿಂದ ಸುಳ್ಳು ಹಾಜರಿ ಹಾಕುವುದನ್ನು ಬಿಟ್ಟೆ.

ಬದಲಿಗೆ ಎರಡನೆಯದೊಂದು ಪುಸ್ತಕ ಇಟ್ಟೆ. 200 ಪುಟದ ಸಾದಾ ನೋಟ್‌ಬುಕ್. ಮಗು ಬಾರದಿದ್ದರೆ ಅಂದೇ ಕಾರಣ ತಿಳಿದು ಒಂದೇ ಶಬ್ದದಲ್ಲಿ ಬರೆಯುವುದು: ಹೊಲ, ಜ್ವರ, ಸಂತೆ, ಜಾತ್ರೆ, ತಮ್ಮ (ಮನೆಯಲ್ಲಿ ಚಿಕ್ಕ ಮಗುವನ್ನು ಹಿಡಿದುಕೊಳ್ಳಲು ಉಳಿದರೆ), ಗುಳೆ. ಹೆಣ್ಣುಮಕ್ಕಳ ಕಾರಣಗಳನ್ನು ನಮ್ಮ ವಿಜ್ಞಾನ ಶಿಕ್ಷಕಿ ಬರೆದುಕೊಳ್ಳುತ್ತಿದ್ದರು. ಇದು ಇಲಾಖೆ ಕೇಳಿದ ದಾಖಲೆಯಲ್ಲ. ಹಾಗಾಗಿ ಯಾರನ್ನೂ ಮೆಚ್ಚಿಸುವ ಅಗತ್ಯವಿರಲಿಲ್ಲ, ಇದ್ದದ್ದು ಇದ್ದಂತೆ ಬರೆಯಲು ಸಾಧ್ಯವಾಯಿತು.

ವರ್ಷದ ಕೊನೆಗೆ ಪುಟ ತಿರುವಿದಾಗ ನಾವು ಊಹಿಸಿರದ ಸಂಗತಿಗಳು ಸಿಕ್ಕವು. ಒಂಬತ್ತು, ಹತ್ತನೇ ತರಗತಿಯ ಹಲವು ಹುಡುಗಿಯರು ಪ್ರತಿ ತಿಂಗಳೂ ಮೂರು ನಾಲ್ಕು ದಿನ ಬರುತ್ತಿರಲಿಲ್ಲ. ಶೌಚಾಲಯವೇನೋ ಇತ್ತು, ಒಳಗೆ ನೀರಿರಲಿಲ್ಲ. ಕೊಡದಲ್ಲಿ ನೀರು ಹೊತ್ತು ಎಲ್ಲರೆದುರು ಹೋಗಬೇಕಿತ್ತು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಸಭೆಯಲ್ಲಿ ಈ ಪುಟಗಳನ್ನೇ ತೋರಿಸಿದೆವು. ಸದಸ್ಯರೊಬ್ಬರು ಪೈಪ್ ಕೊಡಿಸಿದರು, ಇನ್ನೊಬ್ಬರು ಹಳೆಯ ಸಿಂಟೆಕ್ಸ್ ಟ್ಯಾಂಕ್ ಕೊಟ್ಟರು. ಒಂದು ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ, ಇಷ್ಟೇ. ಮುಂದಿನ ವರ್ಷ ಆ ಸಾಲುಗಳಲ್ಲಿ ‘ಗೈ’ ಎಷ್ಟೋ ಕಡಿಮೆಯಾಯಿತು. ಇಷ್ಟು ವರ್ಷ ಆ ಮಕ್ಕಳಿಗೆ ‘ಏಕೆ ತಪ್ಪಿಸುತ್ತೀರಿ’ ಎಂದು ಗದರಿಸಿದ್ದಕ್ಕೆ ನನಗೆ ಇಂದಿಗೂ ನೋವಿದೆ.

ಆದರೆ ಗುಳೆಗೆ ನಲ್ಲಿ ಹಾಕಿಸಲು ಬರುವುದಿಲ್ಲ. ಒಂದು ದಿನ ಪ್ರಾಥಮಿಕ ಶಾಲೆಯ ಹಳೆಯ ಹಾಜರಿ ಪುಸ್ತಕಗಳನ್ನು ತರಿಸಿ, ಹತ್ತನೆಯಲ್ಲಿದ್ದ ಒಬ್ಬ ಹುಡುಗನ ದಿನಗಳನ್ನು ಕೂಡಿದೆ. ಮೂರನೇ ತರಗತಿಯಿಂದ ಏಳರವರೆಗೆ ಪ್ರತಿ ವರ್ಷ ಕಾರ್ತಿಕದಿಂದ ಯುಗಾದಿಯವರೆಗೆ, ಹೆಚ್ಚುಕಡಿಮೆ ಐದು ತಿಂಗಳು, ಅವನು ಕಬ್ಬಿನ ಗದ್ದೆಯಲ್ಲಿದ್ದ. ಐದು ವರ್ಷಕ್ಕೆ 25 ತಿಂಗಳು. ವರ್ಷದ ಶಾಲೆ ಹತ್ತು ತಿಂಗಳಿನದು. ಅಂದರೆ ಎರಡೂವರೆ ವರ್ಷದ ಶಾಲೆ ಅವನ ಪಾಲಿಗೆ ನಡೆದೇ ಇಲ್ಲ. ಭಿನ್ನರಾಶಿ, ದಶಮಾಂಶ, ಒತ್ತಕ್ಷರದ ಉದ್ದ ವಾಕ್ಯಗಳು, ಎಲ್ಲವೂ ಆ ತಿಂಗಳುಗಳಲ್ಲಿ ಆಗಿಹೋಗಿದ್ದವು. ಅನುತ್ತೀರ್ಣ ಮಾಡುವಂತಿರಲಿಲ್ಲವಾದ್ದರಿಂದ ಅವನು ತರಗತಿಯಿಂದ ತರಗತಿಗೆ ಏರುತ್ತಲೇ ಬಂದಿದ್ದ. ಅವನಿಗೆ ನಾನು ತ್ರಿಕೋನಮಿತಿ ಕಲಿಸಲು ಹೊರಟಿದ್ದೆ.

ಇದರ ನಡುವೆ ಪರೀಕ್ಷೆಯ ಅಳತೆಗೋಲು ಬದಲಾಗುತ್ತಲೇ ಇತ್ತು. ನಾನು ಓದಿದಾಗ ಪ್ರತಿ ವಿಷಯಕ್ಕೆ 35 ಬರಬೇಕು, ಬರದಿದ್ದರೆ ನಪಾಸು, ಅಷ್ಟೇ. ಪತ್ರಿಕೆಯಲ್ಲಿ ನಂಬರ್ ಹುಡುಕಿ ಅಳುವುದೋ ನಗುವುದೋ. ನಮ್ಮ ಮಕ್ಕಳ ಕಾಲಕ್ಕೆ ಆಂತರಿಕ ಅಂಕಗಳು ಬಂದವು. 2021ರಲ್ಲಿ ಕೋವಿಡ್ ಕಾರಣಕ್ಕೆ ಎರಡೇ ದಿನದಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಪರೀಕ್ಷೆ ಮುಗಿಯಿತು. ರಾಜ್ಯದ ಫಲಿತಾಂಶ ಶೇ 99.9. ಎರಡು ವರ್ಷದ ನಂತರ, 2023ರಲ್ಲಿ, ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಆ ವರ್ಷ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ನಮ್ಮ ಶಾಲೆಯದು ಇನ್ನೂ ಕೆಳಗೆ ಬಿತ್ತು. ಕ್ಯಾಮೆರಾ ಬಂದದ್ದರಿಂದ ಮಕ್ಕಳು ಹೆದರಿದರು ಎಂದು ಹಲವರು ಹೇಳಿದರು. ನನಗೆ ಹಾಗನಿಸಲಿಲ್ಲ. ಅದುವರೆಗೆ ಕಾಣದಿದ್ದದ್ದು ಕಂಡಿತು. ಆ ಸಲ ನಮ್ಮಲ್ಲಿ ಅನುತ್ತೀರ್ಣರಾದವರ ಪಟ್ಟಿಯನ್ನೂ ನನ್ನ ಎರಡನೇ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂರು ಹೆಸರು ಬಿಟ್ಟರೆ ಉಳಿದವೆಲ್ಲ ‘ಗುಳೆ’ ಮತ್ತು ‘ಹೊಲ’ದ ಹೆಸರುಗಳು.

2025ರಲ್ಲಿ ಮತ್ತೆ ನಿಯಮ ಬದಲಾಯಿತು. 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಬಂದರೆ ಉತ್ತೀರ್ಣ. ‘ಮಟ್ಟ ಇಳಿಯಿತು’ ಎಂದು ಅಜ್ಜನಂತೆಯೇ ಸಿಟ್ಟಾಗುವ ಸಹೋದ್ಯೋಗಿಗಳಿದ್ದಾರೆ. ಎರಡು ಅಂಕಕ್ಕೆ ನಪಾಸಾಗಿ ಓದು ಬಿಟ್ಟ ಮಕ್ಕಳನ್ನು ಕಂಡವನಾದ್ದರಿಂದ ನನಗೆ ಸಿಟ್ಟಿಲ್ಲ. ಆದರೆ ನಮ್ಮ ತಾಂಡಾದ ಮಕ್ಕಳಿಗೆ ಐದು ಅಂಕಕ್ಕಿಂತ ಹೆಚ್ಚು ನೆರವಾದದ್ದು 2024ರಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿದ ಪದ್ಧತಿ. ಯುಗಾದಿಗೆ ತಂದೆತಾಯಿಯ ಜೊತೆ ಮರಳಿ ಬರುವ ಮಗುವಿಗೆ ಮೊದಲ ಪರೀಕ್ಷೆ ಕೈ ತಪ್ಪಿದ್ದೇ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಸಿಗುವ ಬೇಸಿಗೆಯ ವಾರಗಳಲ್ಲಿ ನಾವು ನಾಲ್ವರು ಶಿಕ್ಷಕರು ಬೆಳಿಗ್ಗೆ ಏಳರಿಂದ ಹತ್ತರವರೆಗೆ ತಾಂಡಾದ ಗುಡಿಯ ಕಟ್ಟೆಯ ಮೇಲೆಯೇ ಪಾಠ ಮಾಡಿದೆವು. ಮೊದಲು ಓದು, ಆಮೇಲೆ ಪ್ರಶ್ನೆಪತ್ರಿಕೆ. ಹತ್ತನೆಯ ಹುಡುಗನ ಕೈಗೆ ನಾಲ್ಕನೆಯ ಪುಸ್ತಕ ಕೊಟ್ಟರೆ ಅವನಿಗೆ ಅವಮಾನ. ಆದ್ದರಿಂದ ದಿನಪತ್ರಿಕೆಯ ಕ್ರಿಕೆಟ್ ವರದಿ ಕತ್ತರಿಸಿ ತಂದು ಅದನ್ನೇ ಓದಿಸಿದೆವು.

ಇನ್ನು ಗುಳೆಗೇ ಬರುತ್ತೇನೆ. ಹಲವು ವರ್ಷ ನಾನು ದೀಪಾವಳಿಯ ಹಿಂದಿನ ವಾರ ತಾಂಡಾಕ್ಕೆ ಹೋಗಿ ಕೈಮುಗಿದು ಕೇಳುತ್ತಿದ್ದೆ: “ಮಗುವನ್ನು ಬಿಟ್ಟು ಹೋಗಿ.” ಎಲ್ಲರೂ ಚಹಾ ಕೊಟ್ಟು ಮರ್ಯಾದೆ ಮಾಡುತ್ತಿದ್ದರು, ತಲೆಯಾಡಿಸುತ್ತಿದ್ದರು. ಹಬ್ಬದ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹಾಡುತ್ತಿದ್ದರು. ಅದು ಮುಗಿಯುತ್ತಿದ್ದಂತೆ ಅದೇ ಹುಡುಗಿಯರು ಪಾತ್ರೆಪಗಡದ ಜೊತೆ ಟ್ರಾಲಿ ಹತ್ತುತ್ತಿದ್ದರು. ನನ್ನ ಮಾತಿಗೆ ಬೆಲೆಯಿಲ್ಲವೆಂದು ಬೇಸರಪಟ್ಟುಕೊಳ್ಳುತ್ತಿದ್ದೆ.

ಒಬ್ಬ ತಾಯಿ ಇದನ್ನು ಬಿಡಿಸಿ ಹೇಳಿದರು. “ಸರ್, ನೀವು ಬರುವ ಹೊತ್ತಿಗೆ ದುಡ್ಡು ಖರ್ಚಾಗಿರುತ್ತದೆ.” ಗ್ಯಾಂಗ್ ಕಟ್ಟುವ ಮುಕಾದಮ ಮುಂಗಡ ಕೊಡುವುದು ಮಳೆಗಾಲದಲ್ಲಿ. ಬೀಜ, ಗೊಬ್ಬರ, ಹಳೆಯ ಸಾಲ, ಮದುವೆ ಎಲ್ಲಕ್ಕೂ ಆ ಹಣವೇ ಆಧಾರ. ಗಂಡ ಹೆಂಡತಿಯ ಜೋಡಿಗೆ ಆ ಕಡೆ ‘ಕೊಯ್ತಾ’ ಎನ್ನುತ್ತಾರೆ. ಕೊಯ್ತಾ ಎಂದರೆ ಕುಡುಗೋಲು. ಒಂದು ಜೋಡಿಗೆ ಇಷ್ಟು ಮುಂಗಡ. ಮಗ ದೊಡ್ಡವನಾದರೆ ಅವನಿಗೂ ಜೋಡಿ ಕಟ್ಟಿ ಇನ್ನೊಂದು ಕೊಯ್ತಾ. ನಮ್ಮ ಶಾಲೆಯ ಒಂಬತ್ತನೆಯ ಹುಡುಗಿಯೊಬ್ಬಳು ಹೀಗೆಯೇ, ಇನ್ನೊಂದು ಮನೆಯ ಕೊಯ್ತಾ ಪೂರ್ತಿಯಾಗಲೆಂದು ಮದುವೆಯಾಗಿ ಹೋದಳು. ಮದುವೆ ಬೇರೆ ಊರಿನಲ್ಲಿ ನಡೆಯಿತು, ನಮಗೆ ತಿಳಿದದ್ದು ತಿಂಗಳ ನಂತರ. ಎರಡನೇ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಯಾವ ಶಬ್ದ ಬರೆಯಬೇಕೆಂದು ತಿಳಿಯದೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ಆಮೇಲೆ ನಾನು ತಾಂಡಾಕ್ಕೆ ಹೋಗುವ ದಿನವನ್ನೇ ಬದಲಾಯಿಸಿದೆ. ಆಷಾಢದಲ್ಲಿ ಪಟ್ಟಿ ಸಿದ್ಧ ಮಾಡುವುದು, ನಾಗರಪಂಚಮಿಯ ಹೊತ್ತಿಗೆ, ಹಣದ ಮಾತು ಮುಗಿಯುವ ಮುನ್ನ, ಪ್ರತಿ ಮನೆಗೆ ಹೋಗುವುದು. ‘ಮಗುವನ್ನು ಓದಿಸಿ’ ಎಂಬ ಉಪದೇಶವನ್ನು ಪೂರ್ತಿ ಬಿಟ್ಟೆ. ಓದು ಬೇಡವೆಂದವರನ್ನು ಆ ತಾಂಡಾದಲ್ಲಿ ನಾನು ಕಂಡೇ ಇಲ್ಲ. ಕೇಳುವುದು ಮೂರೇ ಮಾತು. ಮನೆಯಲ್ಲಿ ಯಾರು ಉಳಿಯುತ್ತಾರೆ? ರಾತ್ರಿ ಊಟಕ್ಕೆ ಏನು ವ್ಯವಸ್ಥೆ? ಚಿಕ್ಕ ಮಕ್ಕಳನ್ನು ಗದ್ದೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ? ಮೂರನೆಯದೇ ಗಟ್ಟಿ ಗಂಟು. ಎಷ್ಟೋ ಹುಡುಗಿಯರನ್ನು ಕರೆದೊಯ್ಯುತ್ತಿದ್ದದ್ದು ಕಬ್ಬು ಕಡಿಯಲಿಕ್ಕಲ್ಲ, ತಮ್ಮಂದಿರನ್ನು ಹಿಡಿದುಕೊಳ್ಳಲಿಕ್ಕೆ. ಆ ತಮ್ಮಂದಿರೂ ಊರಲ್ಲೇ ಉಳಿದರೆ ಅಕ್ಕನೂ ಉಳಿಯುತ್ತಾಳೆ. ಹಾಗಾಗಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ಜೊತೆ ಕೂಡಿ ಒಂದೇ ಪಟ್ಟಿ ಮಾಡಿದೆವು. ಚಿಕ್ಕವರಿಗೆ ಋತುಮಾನದ ವಸತಿ ನಿಲಯ, ಅಂಗನವಾಡಿ. ದೊಡ್ಡ ಹುಡುಗರಿಗೆ ಇಲಾಖೆಯ ಹಾಸ್ಟೆಲ್. ಅದರ ಅರ್ಜಿ ಜೂನ್‌ನಲ್ಲೇ ಹಾಕಬೇಕು, ನವೆಂಬರ್‌ನಲ್ಲಿ ಹೋದರೆ ಸೀಟು ಇರುವುದಿಲ್ಲ. ಹುಡುಗಿಯರು ಅಜ್ಜಿಯರ ಬಳಿ. ಅಜ್ಜಿ ಇರುವ ಮನೆಗೆ ಮೂರು ನಾಲ್ಕು ಹುಡುಗಿಯರು ಸೇರಿ ಮಲಗುವುದು, ಪಡಿತರದ ಅಕ್ಕಿ ಅಲ್ಲೇ ಹಾಕುವುದು. ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲಿ ಹೇಗೂ ಇದೆ. ಭಾನುವಾರ ರಾತ್ರಿ ನನ್ನ ಫೋನಿನಿಂದ ಗದ್ದೆಯ ಗುಡಿಸಲಿಗೆ ಕರೆ. ಒಂದೊಂದು ಮಗುವಿಗೆ ಐದು ನಿಮಿಷ.

ಎಲ್ಲವೂ ಸರಿಹೋಗಲಿಲ್ಲ. ಒಂದು ವರ್ಷ ವಸತಿ ನಿಲಯದ ಹಣ ತಡವಾಗಿ ಬಂತು. ಮಕ್ಕಳು ಅಷ್ಟರಲ್ಲಿ ಹೊರಟುಹೋಗಿದ್ದರು. ಒಬ್ಬ ಅಜ್ಜಿ ಪುಷ್ಯದ ಚಳಿಯಲ್ಲಿ ತೀರಿಕೊಂಡರು. ಅವರ ಮನೆಯಲ್ಲಿ ಮಲಗುತ್ತಿದ್ದ ಹುಡುಗಿಯರಲ್ಲಿ ಇಬ್ಬರನ್ನು ತಂದೆ ಬಂದು ಕರೆದುಕೊಂಡು ಹೋದರು. ಮೊದಲ ಪಂಚಮಿಯ ವರ್ಷ ಹತ್ತನೆಯ 12 ಗುಳೆ ಮಕ್ಕಳಲ್ಲಿ ಐವರು ಉಳಿದರು. ಮರುವರ್ಷ ಎಂಟು.

ಕಳೆದ ಶ್ರಾವಣದಲ್ಲಿ ಪಟ್ಟಿ ಹಿಡಿದು ಹೋದಾಗ ಒಂದು ಮನೆಯ ಅಂಗಳದಲ್ಲಿ ಹುಡುಗಿ ಜೋಕಾಲಿ ಆಡುತ್ತಿದ್ದಳು. ಎಂಟನೆಯವಳು, ಅವಳ ಅಣ್ಣ ನಮ್ಮಲ್ಲೇ ಓದಿ, ಹತ್ತನೆಯಲ್ಲಿ ಎರಡನೇ ಪರೀಕ್ಷೆಗೆ ಪಾಸಾದವನು. ತಂದೆ ಕಂಬಳಿ ಹಾಸಿ ಕೂರಿಸಿದರು. ಅಳ್ಳು, ಶೇಂಗಾ ಉಂಡೆ ತಂದಿಟ್ಟರು. ನಾನು ಪಟ್ಟಿ ಬಿಚ್ಚಿ ಮೊದಲ ಪ್ರಶ್ನೆ ಕೇಳುವ ಮುನ್ನ ಅವರೇ ಹೇಳಿದರು: “ಮುಕಾದಮ ಬಂದು ಹೋದ ಸರ್. ಈ ಸಲ ನಮ್ಮಿಬ್ಬರದಷ್ಟೇ ದುಡ್ಡು ತೆಗೆದುಕೊಂಡಿದ್ದೇವೆ. ಸಣ್ಣವನನ್ನು ಎಲ್ಲಿ ಸೇರಿಸುವುದು, ಅದನ್ನು ಮೊದಲು ಹೇಳಿ.”