ಡಿನ್ನರ್ ನಿಲ್ಲಿಸಿದೆವು, ಕೆರೆ ಕೆಲಸ ನಿಲ್ಲಲಿಲ್ಲ: ಒಬ್ಬ ಖಜಾಂಚಿಯ ಅನುಭವ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದುಕೊಂಡು ಪಾವಗಡ ಕಡೆಯ ಕೆರೆಗಳ ಹೂಳೆತ್ತಿಸುವ ಸಣ್ಣ ಸಂಸ್ಥೆ ನಮ್ಮದು. ಬೋರ್ಡಿನಲ್ಲಿ ಯಾರಿಗೂ ಸಂಬಳವಿಲ್ಲ. ನಾನು ಖಜಾಂಚಿ. ದೇಣಿಗೆ ಎತ್ತಲು ವರ್ಷಕ್ಕೊಮ್ಮೆ ಮಾಡುವ ಡಿನ್ನರ್ ನಿಲ್ಲಿಸೋಣ, ತಿಂಗಳ ದೇಣಿಗೆಯಿಂದಲೇ ನಡೆಸೋಣ ಅಂದಾಗ ಬೋರ್ಡಿನ ಅರ್ಧ ಜನ ಒಪ್ಪಲಿಲ್ಲ. "ಡಿನ್ನರ್ ಇಲ್ಲದಿದ್ದರೆ ನಮ್ಮನ್ನು ಯಾರ್ರೀ ನೆನಪಿಟ್ಟುಕೊಳ್ಳುತ್ತಾರೆ?" ಎಂದು ಅಧ್ಯಕ್ಷರು ಕೇಳಿದರು. ಕೊನೆಗೆ ಒಂದೇ ವೋಟಿನಲ್ಲಿ ಪಾಸಾಯಿತು. ಆಮೇಲೆ ಮೂರು ಬೇಸಿಗೆ ಕಳೆದಿವೆ. ಒಂದು ವರ್ಷವೂ ಜೆಸಿಬಿ ಸುಮ್ನೆ ನಿಂತಿಲ್ಲ.

ಡಿನ್ನರ್ ಲೆಕ್ಕ ಹೇಳ್ತೀನಿ. ಹೆಚ್ಚುಕಡಿಮೆ 55-60 ಸಾವಿರ ಡಾಲರ್ ಬರುತ್ತಿತ್ತು. ಹಾಲ್ ಬಾಡಿಗೆ, ಕೇಟರಿಂಗ್, ಸೌಂಡ್, ಊರಿಂದ ಕರೆಸುವ ಗಾಯಕರ ಟಿಕೆಟ್ ಎಲ್ಲ ಸೇರಿ 30 ಸಾವಿರ ದಾಟುತ್ತಿತ್ತು. ವೇದಿಕೆ ಮುಂದೆ ಕೈ ಎತ್ತಿ ದೇಣಿಗೆ ಘೋಷಿಸಿದವರಲ್ಲಿ ಕೆಲವರ ಚೆಕ್ ಬರುತ್ತಲೇ ಇರಲಿಲ್ಲ. ರಸೀದಿ ಕೆಲಸ ಬೇರೆ: ಟಿಕೆಟ್ 75 ಡಾಲರ್ ದಾಟಿದರೆ ಊಟದ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ವಿನಾಯಿತಿ ಎಂದು ಬರೆದುಕೊಡಬೇಕು. ವರ್ಷದ ಕೊನೆಗೆ ಅಮೆರಿಕದ ತೆರಿಗೆ ಇಲಾಖೆಗೆ ಕೊಡುವ ಫಾರ್ಮ್ 990 ಜೊತೆ, ಇಂಥ ಕಾರ್ಯಕ್ರಮಗಳ ಲೆಕ್ಕ ಹೇಳುವ ಶೆಡ್ಯೂಲ್ ಜಿ ತುಂಬಬೇಕು. ಆರು ತಿಂಗಳ ಶನಿವಾರಗಳೆಲ್ಲ ಇದಕ್ಕೇ ಹೋಗುತ್ತಿದ್ದವು.

ನನಗೆ ಇದಕ್ಕಿಂತ ಚಿಂತೆಯಾದದ್ದು ಸಮಯ. ಕೆರೆ ಒಣಗುವುದು ಫೆಬ್ರವರಿಯಿಂದ ಮೇವರೆಗೆ. ಮಳೆ ಬಿದ್ದರೆ ಕೆಲಸ ಮುಗಿಯಿತು. ವಿದೇಶಿ ದೇಣಿಗೆ ನಿಯಂತ್ರಿಸುವ ಭಾರತದ ಕಾಯ್ದೆ ಎಫ್‌ಸಿಆರ್‌ಎಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ವಿದೇಶದ ದುಡ್ಡು ಮೊದಲು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದವರು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ಖರ್ಚು 20% ಮೀರುವಂತಿಲ್ಲ. ಮುಂಚೆ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಮೂಲಕ ಹಳ್ಳಿಯ ಗುಂಪಿಗೆ ಕಳಿಸುತ್ತಿದ್ದೆವು. ಆ ದಾರಿ ಮುಚ್ಚಿತು. ಸ್ವಂತ ಎಫ್‌ಸಿಆರ್‌ಎ ನೋಂದಣಿ ಇರುವ, ತಾನೇ ನಿಂತು ಕೆಲಸ ಮಾಡಿಸುವ ಪಾಲುದಾರರನ್ನು ಹುಡುಕಿದೆವು. ಎಷ್ಟು ಕೊಡುತ್ತೀರಿ ಎಂದು ಅವರು ಡಿಸೆಂಬರ್‌ನಲ್ಲೇ ಕೇಳುತ್ತಾರೆ. ಡಿನ್ನರ್ ನಂಬಿಕೊಂಡು ಅದಕ್ಕೆ ಉತ್ತರ ಹೇಳಲು ಆಗುತ್ತಿರಲಿಲ್ಲ. ತಿಂಗಳ ದೇಣಿಗೆ ಇದ್ದರೆ ಹೇಳಬಹುದು.

ಮೊದಲ ವರ್ಷ ಕಷ್ಟವೇ ಆಯಿತು. 18 ಸಾವಿರದ ಹತ್ತಿರ ಬಂತು, ಡಿನ್ನರ್‌ನಲ್ಲಿ ಉಳಿಯುತ್ತಿದ್ದದ್ದಕ್ಕಿಂತ ಕಡಿಮೆ. ಎರಡು ಕೆರೆ ಅಂದುಕೊಂಡಿದ್ದೆವು, ಒಂದಕ್ಕೇ ನಿಲ್ಲಿಸಿದೆವು. ವಿರೋಧಿಸಿದ್ದವರು ಪ್ರತಿ ಮೀಟಿಂಗ್‌ನಲ್ಲೂ ಅದನ್ನೇ ಎತ್ತಿದರು. ಕಾರ್ಡ್ ಅವಧಿ ಮುಗಿದು ದಾನಿಗಳು ಸದ್ದಿಲ್ಲದೆ ಉದುರುತ್ತಿದ್ದರು. ಕಾರ್ಡ್ ಫೀ 2.9% ಜೊತೆಗೆ 30 ಸೆಂಟ್. ಹತ್ತು ಡಾಲರ್ ಕೊಟ್ಟರೆ 59 ಸೆಂಟ್ ಅಲ್ಲೇ ಹೋಯಿತು. ಹಾಗಾಗಿ ಬ್ಯಾಂಕ್ ಖಾತೆಯಿಂದ ನೇರ ಕಡಿತಕ್ಕೆ ಜನರನ್ನು ಒಬ್ಬೊಬ್ಬರಾಗಿ ಬದಲಾಯಿಸಿದೆ, ಹೆಚ್ಚಿನವರಿಗೆ ನಾನೇ ಫೋನ್ ಮಾಡಿ. ಆಮೇಲೆ ಉದುರುವುದು ಬಹಳ ಕಡಿಮೆಯಾಯಿತು. ಈಗ ಸುಮಾರು 140 ಜನ, ತಿಂಗಳಿಗೆ ಸರಾಸರಿ 25 ಡಾಲರ್. ಮೊದಲ ಇಪ್ಪತ್ತು ಮಂದಿಯನ್ನು ಹೇಗೆ ಆರಿಸಿದೆ, ಅವರಿಗೆ ಏನು ಬರೆದೆ ಅನ್ನೋದನ್ನು ಮಾತ್ರ ನಮ್ಮ ಬೋರ್ಡಿನ ಒಳಗೇ ಇಟ್ಟುಕೊಳ್ಳುತ್ತೇನೆ.

ಕಂಪನಿಗಳ ಮ್ಯಾಚಿಂಗ್, ಅಂದರೆ ನೌಕರರ ದೇಣಿಗೆಗೆ ಕಂಪನಿ ಸೇರಿಸಿ ಕೊಡುವ ದುಡ್ಡು, ಇದರ ಮೇಲೆ. ವರ್ಷಕ್ಕೆ 15 ಸಾವಿರ ಬರುತ್ತದೆ, ಆದರೆ ತಿಂಗಳುಗಟ್ಟಲೆ ತಡವಾಗಿ. ಅದು ಖಾತೆಗೆ ಬೀಳುವವರೆಗೆ ನಾನು ಬಜೆಟ್‌ಗೆ ಹಾಕುವುದಿಲ್ಲ. ಈ ವರ್ಷದ ಮ್ಯಾಚ್ ಮುಂದಿನ ಬೇಸಿಗೆಯ ದುಡ್ಡು, ಅಷ್ಟೇ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಬ್ಬದ ಮೇಳದಲ್ಲಿ ದೋಸೆ ಸ್ಟಾಲ್ ಹಾಕಿದೆವು. ಕೌಂಟಿ ಪರ್ಮಿಟ್, ಸ್ಟಾಲ್ ಬಾಡಿಗೆ ಕಳೆದರೆ ಏನೂ ಉಳಿಯಲಿಲ್ಲ. ಆದರೆ ಜೆಸಿಬಿಯ ಗಂಟೆ ಮೀಟರಿನ ಫೋಟೊ ಕಳಿಸಿ ಎಂದು ಪಾಲುದಾರರಿಗೆ ಹೇಳಿದ್ದು ಚೆನ್ನಾಗಿ ಫಲ ಕೊಟ್ಟಿತು. ಜೆಸಿಬಿ ಬಾಡಿಗೆ ಗಂಟೆಗೆ 1,100-1,200 ರೂಪಾಯಿ. 25 ಡಾಲರ್ ಅಂದರೆ ಹೆಚ್ಚುಕಡಿಮೆ ಎರಡು ಗಂಟೆ ಕೆಲಸ ಎಂದು ದಾನಿಗೆ ತಕ್ಷಣ ಗೊತ್ತಾಗುತ್ತದೆ. ಆ ಫೋಟೊ ಹೋದ ವಾರವೇ ಹೊಸಬರು ಜಾಸ್ತಿ ಸೇರುತ್ತಾರೆ.

ನಾವು ಕೊಡುವುದು ಅಗೆಯುವ ಖರ್ಚು ಮಾತ್ರ. ಕೆರೆಯಿಂದ ತೆಗೆದ ಗೋಡು ಮಣ್ಣನ್ನು ರೈತರೇ ತಮ್ಮ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಸಾಗಿಸಬೇಕು. ಯಾರು ಎಷ್ಟು ಲೋಡ್ ಒಯ್ಯುತ್ತಾರೆ ಅನ್ನೋ ಪಟ್ಟಿ ಕೈಗೆ ಬರುವವರೆಗೆ ಮೊದಲ ಕಂತು ಬಿಡುವುದಿಲ್ಲ ಎಂದು ಠರಾವು ಮಾಡಿಸಿದೆ. ಪಾಲುದಾರರು ಮುನಿಸಿಕೊಂಡರು, ರೈತರು ಮುಂದೆ ಬರಲ್ಲ ಸಾರ್ ಅಂದರು. ಎರಡನೇ ವರ್ಷ ಪಟ್ಟಿಯಲ್ಲಿ ಹೆಸರು ಹಿಡಿಸದಷ್ಟು ಜನ ಬಂದರು. ಹಿಂದಿನ ವರ್ಷ ಮಣ್ಣು ಹಾಕಿದ ಹೊಲದ ಶೇಂಗಾ ಅಕ್ಕಪಕ್ಕದವರ ಕಣ್ಣಿಗೆ ಬಿದ್ದಿತ್ತು.

ಮುಂದಿನ ಮೀಟಿಂಗ್ ಶನಿವಾರ ರಾತ್ರಿ 8ಕ್ಕೆ. ಪಾವಗಡದಲ್ಲಿ ಆಗ ಭಾನುವಾರ ಬೆಳಿಗ್ಗೆ ಎಂಟೂವರೆ, ಪಾಲುದಾರರೂ ಕೂರುತ್ತಾರೆ. ಮೂರನೇ ಕೆರೆಗೆ ದುಡ್ಡು ಮಂಜೂರು ಮಾಡುವ ಠರಾವು ಮಂಡಿಸುವವರು, ಅವತ್ತು ಡಿನ್ನರ್ ಬೇಕೇಬೇಕು ಎಂದಿದ್ದ ಅಧ್ಯಕ್ಷರೇ.